ಒಂಟೆಯ ಲಾಂಛನದ ರೈಲು

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳು ಒಮ್ಮೆಯಾದರೂ ಕೈಗೊಳ್ಳಬೇಕೆಂದು ಬಯಸುವ ಪ್ರವಾಸಗಳಲ್ಲಿ ‘ದಿ ಘಾನ್’ ರೈಲಿನ ಪಯಣವೂ ಒಂದು. ದಕ್ಷಿಣದ ಅಡಿಲೇಡ್‌ನಿಂದ ಉತ್ತರದ ಡಾರ್ವಿನ್‌ವರೆಗೆ 2,979 ಕಿಲೋಮೀಟರ್. ಗೋಧಿಯ ಹೊಲಗಳು, ಕೆಂಪು ಮರುಭೂಮಿ, ಕೊನೆಗೆ ಉಷ್ಣವಲಯದ ಹಸಿರು. ಒಂದು ಖಂಡವೇ ಕಿಟಕಿಯಾಚೆ ಸರಿದುಹೋಗುತ್ತದೆ. ರೈಲಿನ ಮೇಲಿರುವ ಲಾಂಛನ ಒಂಟೆ ಮತ್ತು ಅದರ ಸವಾರ. ಆ ಸವಾರ ಯಾರು?

‘ಘಾನ್’ ಎಂಬುದು ‘ಅಫ್ಘಾನ್’ ಪದದ ಮೊಟಕು ರೂಪ. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಅವರ ಅನ್ವೇಷಣಾ ಯಾತ್ರೆಗೆಂದು ಕರಾಚಿಯಿಂದ 24 ಒಂಟೆಗಳು ಮೆಲ್ಬರ್ನ್‌ಗೆ ಬಂದಿಳಿದವು. 1866ರಲ್ಲಿ ಥಾಮಸ್ ಎಲ್ಡರ್ ನೂರಕ್ಕೂ ಹೆಚ್ಚು ಒಂಟೆಗಳನ್ನು ತರಿಸಿದ. ಅವುಗಳೊಂದಿಗೆ ಬಂದ ಪಾಲಕರೆಲ್ಲರೂ ಅಫ್ಘಾನಿಸ್ತಾನದವರಲ್ಲ. ಬಲೂಚಿಸ್ತಾನ, ಸಿಂಧ್, ಪಂಜಾಬ್ ಪ್ರಾಂತಗಳಿಂದ ಬಂದವರೂ ಬಹಳ ಮಂದಿ ಇದ್ದರು. ಎಂದರೆ ಅಂದಿನ ಬ್ರಿಟಿಷ್ ಇಂಡಿಯಾದ ಪ್ರಜೆಗಳು. ಬಿಳಿಯ ವಲಸಿಗರು ಅವರೆಲ್ಲರನ್ನೂ ಒಂದೇ ಹೆಸರಿನಿಂದ ಕರೆದರು.

ಕುದುರೆ, ಎತ್ತುಗಳು ಬದುಕಲಾರದ ಒಳನಾಡಿಗೆ ಹಿಟ್ಟು, ನೀರು, ಉಪಕರಣಗಳನ್ನು ಹೊತ್ತೊಯ್ದು, ಉಣ್ಣೆಯನ್ನು ಹೊತ್ತು ತಂದವರು ಇವರು. ರೈಲುಮಾರ್ಗದ ಕಾಮಗಾರಿಗೆ ಸರಕು ಸಾಗಿಸಿದ್ದೂ ಇವರ ಒಂಟೆಗಳೇ. ಪೋರ್ಟ್ ಅಗಸ್ಟಾದಲ್ಲಿ 1878ರಲ್ಲಿ ಆರಂಭವಾದ ಹಳಿ 1891ರಲ್ಲಿ ಊಡ್ನಡಾಟಾ ತಲಪಿ, ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲಿಯೇ ನಿಂತಿತು. ಅಲ್ಲಿಂದಾಚೆ ಆಲಿಸ್ ಸ್ಪ್ರಿಂಗ್ಸ್‌ಗೆ ಒಂಟೆಯ ಸಾಲುಗಳೇ ಆಸರೆ.

ಆದರೆ ದೇಶ ಅವರ ದುಡಿಮೆಯನ್ನು ಸ್ವೀಕರಿಸಿತೇ ಹೊರತು ಅವರನ್ನು ಸ್ವೀಕರಿಸಲಿಲ್ಲ. 1901ರ ವಲಸೆ ನಿರ್ಬಂಧ ಕಾಯಿದೆ ಹೊಸಬರಿಗೆ ಬಾಗಿಲು ಮುಚ್ಚಿತು. 1903ರ ಕಾಯಿದೆ ಏಷ್ಯಾ ಮೂಲದವರಿಗೆ ಪೌರತ್ವದ ಹಕ್ಕನ್ನು ನಿರಾಕರಿಸಿತು. ಮರ್ರೀ ಎಂಬ ಪುಟ್ಟ ಊರಿನಲ್ಲಿ ರೈಲುಹಳಿಯೇ ಗಡಿಯಾಗಿ, ಒಂದು ಪಕ್ಕದಲ್ಲಿ ಯುರೋಪಿಯನ್ನರು, ಮತ್ತೊಂದು ಪಕ್ಕದಲ್ಲಿ ಒಂಟೆ ಪಾಲಕರೂ ಮೂಲನಿವಾಸಿಗಳೂ ವಾಸಿಸಿದರು. ಅಲ್ಲಿ ಅವರು ಮಸೀದಿ ಕಟ್ಟಿಕೊಂಡರು, ಖರ್ಜೂರದ ಮರಗಳನ್ನು ನೆಟ್ಟರು. ಕೆಲವರು ಈ ನೆಲದ ಹೆಣ್ಣುಮಕ್ಕಳನ್ನು ಮದುವೆಯಾಗಿ ಇಲ್ಲಿಯೇ ಬೇರುಬಿಟ್ಟರು.

ಮೋಟಾರು ವಾಹನಗಳು ಬಂದ ಮೇಲೆ ಒಂಟೆಯೇ ಹೊರೆಯಾಯಿತು. ಅಲೆದಾಡುವ ಒಂಟೆಗಳನ್ನು ಕೊಲ್ಲಲು ಅವಕಾಶ ನೀಡುವ ಕಾಯಿದೆಯನ್ನು ದಕ್ಷಿಣ ಆಸ್ಟ್ರೇಲಿಯಾ 1925ರಲ್ಲಿ ತಂದಿತು. ಸಾಕಿದ ಪ್ರಾಣಿಯನ್ನು ಕೊಲ್ಲಲಾರದೆ ಅನೇಕರು ಮರುಭೂಮಿಗೆ ಬಿಟ್ಟುಬಿಟ್ಟರು. ಇಂದಿನ ಕಾಡು ಒಂಟೆಗಳಲ್ಲಿ ಅವುಗಳ ಸಂತತಿಯೂ ಸೇರಿದೆ. 1929ರ ಆಗಸ್ಟ್‌ನಲ್ಲಿ ಮೊದಲ ಪ್ರಯಾಣಿಕರ ರೈಲು ಆಲಿಸ್ ಸ್ಪ್ರಿಂಗ್ಸ್ ಮುಟ್ಟಿತು. ತಾನು ಯಾರ ಕಸುಬನ್ನು ಕೊನೆಗಾಣಿಸಿತೋ ಅವರದೇ ಹೆಸರನ್ನು ಆ ರೈಲು ಹೊತ್ತಿತು.

ಹಳೆಯ ಮಾರ್ಗ ಪದೇ ಪದೇ ಪ್ರವಾಹಕ್ಕೆ ಸಿಲುಕುತ್ತಿದ್ದುದರಿಂದ 1980ರಲ್ಲಿ ಪಶ್ಚಿಮಕ್ಕೆ ಹೊಸ ಹಳಿ ಹಾಕಲಾಯಿತು. 2004ರ ಫೆಬ್ರವರಿಯಲ್ಲಿ ರೈಲು ಡಾರ್ವಿನ್ ತಲಪಿತು. ಹೀಗಾಗಿ ಇಂದಿನ ಪ್ರವಾಸಿಗೆ ಕಿಟಕಿಯಿಂದ ಮರ್ರೀ ಕಾಣಸಿಗುವುದಿಲ್ಲ.

ಆದರೆ ಅಡಿಲೇಡ್ ನಗರದಲ್ಲಿ ಒಂಟೆ ಪಾಲಕರು 1888–89ರಲ್ಲಿ ಕಟ್ಟಿದ ಮಸೀದಿ ಇಂದಿಗೂ ಇದೆ. ಪೌರತ್ವದ ಪ್ರಮಾಣ ಸ್ವೀಕರಿಸಿ, ಮಕ್ಕಳ ಕೈಗೆ ಪುಟ್ಟ ಬಾವುಟ ಕೊಟ್ಟು ಚಿತ್ರ ತೆಗೆಸಿಕೊಂಡವರು ನಾವು. ನಮಗಿಂತ ನೂರು ವರ್ಷ ಮೊದಲು ಅದೇ ಉಪಖಂಡದಿಂದ ಬಂದವರಿಗೆ ಆ ದಿನ ದೊರೆಯಲಿಲ್ಲ. ರೈಲು ಹತ್ತುವ ಮುನ್ನ ಅರ್ಧ ತಾಸು ಬಿಡುವು ಮಾಡಿಕೊಂಡು ಆ ಕಟ್ಟಡವನ್ನು ಮಕ್ಕಳಿಗೆ ತೋರಿಸಿ. ಲಾಂಛನದ ಸವಾರ ಯಾರೆಂದು ಅವರು ಕೇಳಿದಾಗ ಉತ್ತರ ನಮ್ಮಲ್ಲಿರಲಿ.