ಕಣ್ಣಿಗೆ ಕಂಡದ್ದು, ರಕ್ತ ಹೇಳಿದ್ದು

1831ರ ಕೊನೆಯಲ್ಲಿ ಇಂಗ್ಲೆಂಡಿನ ಸಂಡರ್‌ಲೆಂಡ್ ಬಂದರಿಗೆ ಕಾಲರಾ ಕಾಲಿಟ್ಟಾಗ ಅಲ್ಲಿನ ವೈದ್ಯರಿಗೆ ಲಕ್ಷಣಗಳೆಲ್ಲ ಕಾಣುತ್ತಿದ್ದವು. ಗುಳಿಬಿದ್ದ ಕಣ್ಣು, ನೀಲಿಗಟ್ಟಿದ ತುಟಿ, ಸುಕ್ಕುಗಟ್ಟಿದ ಬೆರಳು, ಕೈಗೆ ಸಿಗದ ನಾಡಿ, ನಿಂತುಹೋದ ಮೂತ್ರ. ಕಂಡರೂ ಅರ್ಥ ಹೊಳೆದಿರಲಿಲ್ಲ. ಮೈಯ ನೀರೆಲ್ಲ ಬಸಿದುಹೋಗುತ್ತಿದ್ದ ರೋಗಿಯಿಂದಲೂ ರಕ್ತ ತೆಗೆಯುವ ಚಿಕಿತ್ಸೆ ನಡೆದೇ ಇತ್ತು. ಇಪ್ಪತ್ತೆರಡರ ಹರೆಯದ ವಿಲಿಯಂ ಬ್ರೂಕ್ ಒಶಾನೆಸಿ ಅಲ್ಲಿಗೆ ಹೋಗಿ ಆ ರಕ್ತವನ್ನು ರಾಸಾಯನಿಕ ಪರೀಕ್ಷೆಗೆ ಒಡ್ಡಿದರು. ರಕ್ತದಲ್ಲಿ ನೀರು ಕಡಿಮೆ, ಲವಣ ಕಡಿಮೆ, ಕ್ಷಾರವೂ ಕಡಿಮೆ. ಕಳೆದುಹೋದ ಲವಣಗಳು ಸಿಗುವುದು ಭೇದಿಯಲ್ಲಿ. ಇಂದು ಮೂರು ಬೇರೆ ಅಧ್ಯಾಯಗಳಾಗಿ ಪಾಠವಾಗುವ ಏರುಪೇರುಗಳು ಅವರ ಕಣ್ಣಿಗೆ ಒಟ್ಟಿಗೇ ಬಿದ್ದವು.

ಮರುವರ್ಷವೇ ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲಟ್ಟಾ, ಸಾಯುವ ಅಂಚಿನಲ್ಲಿದ್ದ ಒಬ್ಬ ಮುದುಕಿಯ ರಕ್ತನಾಳಕ್ಕೆ ಉಪ್ಪುನೀರು ಹರಿಸಿದರು. ಮುಖಕ್ಕೆ ಕಳೆ ಬಂತು, ಸಿಗದಿದ್ದ ನಾಡಿ ಮರಳಿತು. ವೈದ್ಯರು ಅತ್ತ ಹೋದ ಮೇಲೆ ಭೇದಿ ಮತ್ತೆ ಶುರುವಾಯಿತು, ದ್ರವ ಮತ್ತೆ ಕೊಡಲಿಲ್ಲ, ಆಕೆ ತೀರಿಕೊಂಡಳು. ಹೋಗುತ್ತಲೇ ಇರುವುದನ್ನು ತುಂಬುತ್ತಲೇ ಇರಬೇಕು ಎಂಬ ಪಾಠ ಆ ಸಾವಿನಲ್ಲೇ ಇತ್ತು. ಲಟ್ಟಾ 1833ರಲ್ಲಿ ತೀರಿಹೋದರು. ಒಶಾನೆಸಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು ಕಲ್ಕತ್ತಕ್ಕೆ ಬಂದು, ಮುಂದೆ ಈ ದೇಶದಲ್ಲಿ ತಂತಿ ಮಾರ್ಗ ಹಾಕಿಸಿದರು. ಅವರು ತೋರಿದ ದಾರಿ ದಶಕಗಳ ಕಾಲ ಪಾಳುಬಿತ್ತು. ವೈದ್ಯಕೀಯ ಇತಿಹಾಸದಲ್ಲಿ ಇಷ್ಟು ದುಬಾರಿಯಾದ ಮರೆವು ಹೆಚ್ಚಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧ ಲಕ್ಷಣಗಳ ಸುಗ್ಗಿಕಾಲ. ಪ್ಯಾರಿಸ್ಸಿನ ಟ್ರೂಸೊ, ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿದರೆ ಕೆಲವರ ಬೆರಳುಗಳು ಸೆಟೆದು ಮಡಚಿಕೊಳ್ಳುವುದನ್ನು ಗಮನಿಸಿದರು. ಕ್ಯಾಲ್ಸಿಯಂ ಕುಸಿದಾಗ ಹೀಗಾಗುತ್ತದೆ ಎಂದು ಗೊತ್ತಾದದ್ದು ಬಹಳ ಆಮೇಲೆ. ಇಂದು ಬಿಪಿ ನೋಡುವ ಪಟ್ಟಿಯನ್ನೇ ಮೂರು ನಿಮಿಷ ಬಿಗಿದಿಟ್ಟು ನೋಡುತ್ತಾರೆ. 1874ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್‌ಮೌಲ್, ಸಕ್ಕರೆ ಕಾಯಿಲೆಯಿಂದ ಪ್ರಜ್ಞೆ ತಪ್ಪುತ್ತಿದ್ದವರ ಉಸಿರಾಟವನ್ನು ವರ್ಣಿಸಿದರು. ಗಾಳಿ ಸಲೀಸಾಗಿ ಒಳಹೋಗುತ್ತದೆ, ಶ್ವಾಸಕೋಶದಲ್ಲಿ ಅಡ್ಡಿಯಿಲ್ಲ, ಆದರೂ ರೋಗಿ ಎದೆಯೆಲ್ಲ ಎತ್ತಿ ಆಳವಾಗಿ ಉಸಿರೆಳೆಯುತ್ತಾನೆ. ರಕ್ತದಲ್ಲಿ ಆಮ್ಲ ಏರಿದಾಗ ದೇಹ ಇಂಗಾಲದ ಡೈಆಕ್ಸೈಡನ್ನು ಹೊರದಬ್ಬಿ ಸಮತೋಲ ಹುಡುಕುವ ರೀತಿ ಅದು. ಈಗಲೂ ತುರ್ತು ಚಿಕಿತ್ಸಾ ಘಟಕದಲ್ಲಿ ಇದನ್ನು ಬರೀ ಉಬ್ಬಸವೆಂದು ತಿಳಿದು ಹೊತ್ತು ಕಳೆಯುವ ಅಪಾಯವಿದೆ.

ಇಪ್ಪತ್ತನೆಯ ಶತಮಾನ ಅಳತೆಯ ಕಾಲ. 1909ರಲ್ಲಿ ಸೋರೆನ್‌ಸನ್ ಪಿಎಚ್ ಮಾಪಕ ಕೊಟ್ಟರು. ಹೆಂಡರ್‌ಸನ್ ಮತ್ತು ಹಸೆಲ್‌ಬಾಲ್ಕ್ ಅದನ್ನು ಬೈಕಾರ್ಬನೇಟಿಗೂ ಇಂಗಾಲದ ಡೈಆಕ್ಸೈಡಿಗೂ ಹೊಂದಿಸುವ ಸಮೀಕರಣ ಕಟ್ಟಿದರು. ಬಾಸ್ಟನ್ನಿನ ಮಕ್ಕಳ ವೈದ್ಯ ಜೇಮ್ಸ್ ಗ್ಯಾಂಬಲ್ ರಕ್ತದ ಲವಣಗಳನ್ನು ಎರಡು ಕಂಬಗಳ ಚಿತ್ರವಾಗಿ ಬರೆದು ಒಂದಿಡೀ ತಲೆಮಾರಿಗೆ ಕಲಿಸಿದರು. 1940ರ ದಶಕದಲ್ಲಿ ಜ್ವಾಲಾ ದ್ಯುತಿಮಾಪಕ ಬಂದ ಮೇಲೆ ಸೋಡಿಯಂ, ಪೊಟ್ಯಾಸಿಯಂ ಅಳೆಯುವುದು ನಿತ್ಯದ ಕೆಲಸವಾಯಿತು. ಪೊಟ್ಯಾಸಿಯಂ ಮಟ್ಟಿಗಂತೂ ಇದು ಜೀವದ ಪ್ರಶ್ನೆ, ಏಕೆಂದರೆ ಅದು ಏರಿದಾಗ ಹೊರಗೆ ಏನೂ ಕಾಣದೆ ಹೃದಯ ನಿಂತುಬಿಡಬಹುದು. ಇಸಿಜಿಯಲ್ಲಿ ಚೂಪಾಗಿ ಎದ್ದ ಟಿ ಅಲೆಯೇ ಕೆಲವೊಮ್ಮೆ ಸಿಗುವ ಒಂದೇ ಮುನ್ಸೂಚನೆ.

ಆದರೆ ಅಳತೆಯೂ ದಾರಿ ತಪ್ಪಿಸಬಲ್ಲದು. 1952ರ ಬೇಸಿಗೆಯಲ್ಲಿ ಕೋಪನ್‌ಹೇಗನ್ನಿನ ಬ್ಲೆಗ್ಡಾಮ್ ಆಸ್ಪತ್ರೆಗೆ ಪೋಲಿಯೋ ರೋಗಿಗಳು ಸಾಲುಗಟ್ಟಿ ಬಂದರು. ಉಸಿರಾಟದ ಸ್ನಾಯುಗಳು ಸೋತ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಅವರ ಮೈ ಬೆವರುತ್ತಿತ್ತು, ರಕ್ತದೊತ್ತಡ ಏರುತ್ತಿತ್ತು, ಪ್ರಜ್ಞೆ ಮಂಕಾಗುತ್ತಿತ್ತು. ವೈರಸ್ ಮಿದುಳಿಗೆ ಏರಿದೆ ಎಂದು ವೈದ್ಯರು ಭಾವಿಸಿದರು. ಪ್ರಯೋಗಾಲಯದ ವರದಿಯಲ್ಲಿ ರಕ್ತದ ಒಟ್ಟು ಇಂಗಾಲದ ಡೈಆಕ್ಸೈಡ್ ಹೆಚ್ಚಿತ್ತು. ಅದನ್ನು ಕ್ಷಾರ ಹೆಚ್ಚಾದ ಗುರುತು ಎಂದು ಓದಲಾಯಿತು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅದೇ ಅಂಕಿಯನ್ನು, ಅದೇ ಬೆವರನ್ನು ತಿರುವಿ ಓದಿದರು: ಇದು ಕ್ಷಾರವಲ್ಲ, ಹೊರಹೋಗಲಾಗದ ಇಂಗಾಲದ ಡೈಆಕ್ಸೈಡ್ ತುಂಬಿ ಆಮ್ಲವಾಗಿರುವುದು. ಆಗಸ್ಟ್ 27ರಂದು ಹನ್ನೆರಡು ವರ್ಷದ ಬಾಲಕಿಯೊಬ್ಬಳ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಕೈಯಿಂದ ಚೀಲ ಒತ್ತಿ ಉಸಿರು ಕೊಟ್ಟರು. ಬೆವರು ಆರಿತು, ರಕ್ತದೊತ್ತಡ ಇಳಿಯಿತು. ಆ ಬಳಿಕ ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು ಚೀಲ ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ರಕ್ತದ ಪಿಎಚ್ ನೇರವಾಗಿ ಅಳೆದು ಇಬ್ಸೆನ್ನರ ಮಾತನ್ನು ಖಚಿತಪಡಿಸಿದವರು ಅಲ್ಲಿನ ಪ್ರಯೋಗಾಲಯದ ಪೌಲ್ ಆಸ್ಟ್ರಪ್. ಇಂದಿನ ಐಸಿಯುಗಳ ರಕ್ತಾನಿಲ ಪರೀಕ್ಷೆ ಬೆಳೆದದ್ದು ಈ ಬಿಕ್ಕಟ್ಟಿನಿಂದ.

ಯಂತ್ರವೇ ಇಲ್ಲದ ಕಡೆ ಏನು ಮಾಡಬೇಕು ಎಂಬುದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ನೆಲದಲ್ಲಿ. 1971ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರು ಬನಗಾಂವ್‌ನಲ್ಲಿ ಕಾಲರಾಕ್ಕೆ ಬಲಿಯಾಗುತ್ತಿದ್ದರು, ಸಲೈನ್ ಬಾಟಲಿಗಳು ಮುಗಿಯುತ್ತಿದ್ದವು. ಡಾ. ದಿಲೀಪ್ ಮಹಾಲನಬಿಸ್ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಸೋಡಾ ಬೆರೆಸಿ ರೋಗಿಗಳ ಮನೆಯವರ ಕೈಗೇ ಕೊಟ್ಟರು. ಶೇ. 30ರ ಹತ್ತಿರವಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಲಕ್ಷಣ ಗುರುತಿಸುವ ಕೆಲಸ ಆಸ್ಪತ್ರೆಯ ಗೋಡೆ ದಾಟಿ ತಾಯಂದಿರಿಗೆ, ಇಂದು ನಮ್ಮ ಆಶಾ ಕಾರ್ಯಕರ್ತೆಯರಿಗೆ ಬಂದದ್ದು ಇದರ ಮುಂದುವರಿಕೆ. ಮಗುವಿನ ಕಣ್ಣು ಗುಳಿಬಿದ್ದಿದೆಯೇ, ಆತುರದಿಂದ ನೀರು ಕುಡಿಯುತ್ತದೆಯೇ ಅಥವಾ ಕುಡಿಯಲೂ ಆಗದೆ ಜೋಲುಬಿದ್ದಿದೆಯೇ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೇ ನಿಲ್ಲುತ್ತದೆಯೇ? ಇಷ್ಟರಿಂದಲೇ ಮನೆಯಲ್ಲಿ ಓಆರ್‌ಎಸ್ ಸಾಕೋ, ಡ್ರಿಪ್ ಬೇಕೋ ನಿರ್ಧರಿಸಬಹುದು.

ಈ ಗುರುತುಗಳಿಗೂ ಮಿತಿಯಿದೆ. ಬಡಕಲಾದ ಮಗುವಿನ ಚರ್ಮ ನೀರು ಸಾಕಷ್ಟಿದ್ದರೂ ಹಾಗೇ ನಿಲ್ಲುತ್ತದೆ. ದಪ್ಪ ಮಗುವಿನಲ್ಲಿ ಕೊರತೆ ಅಡಗುತ್ತದೆ. ಅಂದಾಜಿನಲ್ಲಿ ಉಪ್ಪು ಹೆಚ್ಚು ಹಾಕಿದ ನೀರು ಕುಡಿದು ಸೋಡಿಯಂ ಏರಿದರೆ, ಜೀವಕೋಶಗಳ ನೀರನ್ನು ರಕ್ತ ತನ್ನತ್ತ ಸೆಳೆದುಕೊಳ್ಳುವುದರಿಂದ ಮೇಲ್ನೋಟಕ್ಕೆ ಮಗು ಅಷ್ಟೇನೂ ಬಳಲಿದಂತೆ ತೋರದು. ವಯಸ್ಕರಲ್ಲಂತೂ ಚರ್ಮ ಚಿವುಟಿ ನೋಡುವುದನ್ನು ನಂಬುವಂತಿಲ್ಲ. ಮಲಗಿದ್ದವರು ಎದ್ದು ನಿಂತಾಗ ನಾಡಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಏರುವುದು ಅಥವಾ ತಲೆಸುತ್ತಿ ನಿಲ್ಲಲಾಗದಿರುವುದು ಹೆಚ್ಚು ತೂಕದ ಸುಳಿವು.

ಈಗ ನಮ್ಮ ಮನೆಗಳಲ್ಲಿ ಹೆಚ್ಚು ಕೇಳಿಬರುವ ಮಾತು "ಅಜ್ಜಿಗೆ ಸೋಡಿಯಂ ಕಡಿಮೆಯಾಗಿದೆಯಂತೆ." ಬಿಪಿಗೆ ಕೊಡುವ ಥಯಾಜೈಡ್ ಗುಂಪಿನ ಮಾತ್ರೆ ಇದಕ್ಕೆ ಸಾಮಾನ್ಯ ಕಾರಣಗಳಲ್ಲೊಂದು. ನಿನ್ನೆವರೆಗೆ ಸರಿಯಿದ್ದವರು ಇಂದು ಗೊಂದಲದ ಮಾತಾಡುತ್ತಾರೆ, ತೂಕಡಿಸುತ್ತಾರೆ, ನಡೆಯುವಾಗ ಬೀಳುತ್ತಾರೆ; ವಯಸ್ಸಾಯಿತು ಎಂದು ಮನೆಯವರು ಸುಮ್ಮನಾಗುತ್ತಾರೆ. ಸುಸ್ತೆಂದರೆ ಗ್ಲೂಕೋಸ್ ಹಾಕಿಸುವ ರೂಢಿಯೂ ನಮ್ಮಲ್ಲಿದೆ. ಇಂಥವರಿಗೆ ಬರಿಯ ಡೆಕ್ಸ್‌ಟ್ರೋಸ್ ಏರಿಸಿದರೆ ಸಕ್ಕರೆ ಖರ್ಚಾಗಿ ನೀರು ಮಾತ್ರ ಉಳಿದು, 135ರ ಕೆಳಗಿಳಿದಿದ್ದ ಸೋಡಿಯಂ ಇನ್ನೂ ಜಾರುತ್ತದೆ. ಅವಸರದಿಂದ ಮೇಲೆತ್ತಿದರೂ ಕೇಡೇ: ಮಿದುಳಿನ ಪಾನ್ಸ್ ಭಾಗದ ನರಕವಚ ಕಳಚುವ ಕಾಯಿಲೆಯನ್ನು 1959ರಲ್ಲಿ ಆಡಮ್ಸ್ ಮತ್ತು ಸಂಗಡಿಗರು ವರ್ಣಿಸಿದರು, ಅದಕ್ಕೂ ಸೋಡಿಯಂ ಏರಿಸುವ ವೇಗಕ್ಕೂ ನಂಟಿದೆ ಎಂಬುದು ಬಳಿಕ ತಿಳಿಯಿತು. ಆದ್ದರಿಂದ ಬಹುಕಾಲದ ಕೊರತೆಯನ್ನು 24 ಗಂಟೆಗಳಲ್ಲಿ 8ರಿಂದ 10 ಅಂಶಕ್ಕಿಂತ ಹೆಚ್ಚು ಏರಿಸದಂತೆ, ಮತ್ತೆ ಮತ್ತೆ ರಕ್ತ ನೋಡುತ್ತಾ ಸರಿಪಡಿಸುತ್ತಾರೆ. ವರದಿಯ ಅಂಕಿ ಸರಿಹೋಗಿ ಎರಡು ಮೂರು ದಿನ ಕಳೆದ ಮೇಲೆ ರೋಗಿಯ ಮಾತು ತೊದಲಿದರೆ, ನುಂಗಲು ಕಷ್ಟವಾದರೆ ಅಥವಾ ಕೈಕಾಲು ಸೋತರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಅದನ್ನು ಮೊದಲು ಗಮನಿಸುವವರು ಸಾಮಾನ್ಯವಾಗಿ ಊಟ ಮಾಡಿಸುವ ಮಗಳು, ಸೊಸೆ ಅಥವಾ ರಾತ್ರಿ ಪಾಳಿಯ ನರ್ಸ್.