21 ಸೋಲು, ಒಂದು ತೀರ್ಪು: 1988ರ ಏಪ್ರಿಲ್ ಕಥೆ

ಇವತ್ತಿನ ಸಂಚಿಕೆ ಒಂದೇ ಒಂದು ತಿಂಗಳ ಬಗ್ಗೆ. 1988ರ ಏಪ್ರಿಲ್. ದೇಶ ಅಮೆರಿಕ, ಆಟ ಬೇಸ್‌ಬಾಲ್. ಆ ಆಟ ಗೊತ್ತಿಲ್ಲದಿದ್ರೂ ಪರವಾಗಿಲ್ಲ, ಬೇಕಾದಷ್ಟನ್ನ ದಾರಿಯಲ್ಲೇ ಹೇಳ್ತಾ ಹೋಗ್ತೀನಿ. ತಮ್ಮ ತಂಡ ಸೋತ ರಾತ್ರಿ ಊಟ ಸೇರದವರು, ಅಂಪೈರ್ ತೀರ್ಪು ನೋಡಿ ಟಿವಿಗೆ ಬೈದವರು, ಇವರಿಗೆಲ್ಲ ಈ ಕಥೆ ಅರ್ಥ ಆಗುತ್ತೆ.

ಮೊದಲು ಲೆಕ್ಕ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಂದು ತಂಡ ಒಂದು ಸೀಸನ್‌ಗೆ 162 ಪಂದ್ಯ ಆಡುತ್ತೆ. ಏಪ್ರಿಲ್ ಸುಮಾರಿಗೆ ಶುರುವಾದರೆ ಸೆಪ್ಟೆಂಬರ್ ಕೊನೆವರೆಗೂ ಹೆಚ್ಚುಕಮ್ಮಿ ದಿನಾ ಆಟ. ಹಾಗಾಗಿ ಏಪ್ರಿಲ್‌ನ ಒಂದು ಸೋಲು ಅಂದ್ರೆ ಇಡೀ ವರ್ಷದ ಲೆಕ್ಕದಲ್ಲಿ ಶೇಕಡಾ ಒಂದೂ ಇಲ್ಲ. ಬಿಕಾಂ ಓದಿದ ತಲೆ ಇದನ್ನ ಸುಲಭವಾಗಿ ಒಪ್ಪುತ್ತೆ. ಆದರೆ ಅಭಿಮಾನಿಯ ತಲೆ ಹೀಗೆ ಓಡಲ್ಲ. ಏಪ್ರಿಲ್‌ನಲ್ಲಿ ಎಲ್ಲ ತಂಡದ ಖಾತೆಯಲ್ಲೂ ಸೊನ್ನೆ ಇರುತ್ತೆ, ಕಳೆದ ವರ್ಷದ ಸಾಲ ಯಾವುದೂ ಮುಂದಕ್ಕೆ ಬಂದಿರಲ್ಲ. ಕಡೇ ಸ್ಥಾನದ ತಂಡದವನೂ ‘ಈ ಸಲ ನಮ್ದೇ’ ಅನ್ನಬಹುದಾದ ತಿಂಗಳು ಅದು.

ಬಾಲ್ಟಿಮೋರ್ ನಗರಕ್ಕೆ ಆ ವರ್ಷ ಆಸೆಗಿಂತ ಭಯವೇ ಜಾಸ್ತಿ ಇತ್ತು. ಅವರ ಬೇಸ್‌ಬಾಲ್ ತಂಡ ಓರಿಯೋಲ್ಸ್ 1983ರಲ್ಲಿ ಚಾಂಪಿಯನ್ ಆಗಿತ್ತು. ಅದಾದ ಕೆಲವೇ ತಿಂಗಳಿಗೆ, 1984ರ ಮಾರ್ಚ್‌ನಲ್ಲಿ, ಊರಿನ ಫುಟ್‌ಬಾಲ್ ತಂಡ ಕೋಲ್ಟ್ಸ್ ರಾತ್ರೋರಾತ್ರಿ ಸಾಮಾನೆಲ್ಲ ಲಾರಿಗೆ ತುಂಬಿಕೊಂಡು ಇಂಡಿಯಾನಾಪೊಲಿಸ್‌ಗೆ ಹೊರಟುಹೋಯ್ತು. ಅಲ್ಲಿ ತಂಡ ಅಂದ್ರೆ ಮಾಲೀಕನ ಆಸ್ತಿ. ಬೇರೆ ಊರು ಒಳ್ಳೆ ಕ್ರೀಡಾಂಗಣ ಕೊಡ್ತೀನಿ ಅಂದ್ರೆ ಎದ್ದು ಹೋಗಬಹುದು. ಆ ಗಾಯ ಇನ್ನೂ ಹಸಿಯಾಗಿತ್ತು. ಉಳಿದಿರೋ ಒಂದು ತಂಡವೂ ಹೋದರೆ ಗತಿ ಏನು ಅನ್ನೋ ಪ್ರಶ್ನೆ ಎಲ್ಲರ ಮನಸ್ಸಲ್ಲೂ ಇತ್ತು.

ಅಂಥ ಊರಲ್ಲಿ ಏಪ್ರಿಲ್ 4ಕ್ಕೆ ಸೀಸನ್ ಶುರುವಾಯ್ತು. ಮಿಲ್ವಾಕಿ ತಂಡದ ಎದುರು, ತವರಿನಲ್ಲೇ, 12-0 ಸೋಲು. ಆಮೇಲೆ ಇನ್ನೊಂದು, ಮತ್ತೊಂದು. ಆರು ಸೋಲಾಗುತ್ತಿದ್ದಂತೆ ಮ್ಯಾನೇಜರ್ ಕ್ಯಾಲ್ ರಿಪ್ಕನ್ ಸೀನಿಯರ್‌ನ ಕೆಲಸದಿಂದ ತೆಗೆದರು. ದಶಕಗಳಿಂದ ಅದೇ ಸಂಸ್ಥೆಗೆ ದುಡಿದ ಮನುಷ್ಯ. ಅವರ ಇಬ್ಬರು ಗಂಡುಮಕ್ಕಳು, ಕ್ಯಾಲ್ ಜೂನಿಯರ್ ಮತ್ತು ಬಿಲ್ಲಿ, ಅದೇ ತಂಡದಲ್ಲಿ ಆಡ್ತಿದ್ದರು. ಅಪ್ಪನ್ನ ಮನೆಗೆ ಕಳಿಸಿದ ತಂಡಕ್ಕೆ ಮಕ್ಕಳು ಮರುದಿನವೂ ಆಡಬೇಕು. ಹಳೇ ದಿನಗಳ ತಾರೆ ಫ್ರಾಂಕ್ ರಾಬಿನ್ಸನ್ ಹೊಸ ಮ್ಯಾನೇಜರ್ ಆದರು. ಸೋಲು ಮಾತ್ರ ನಿಲ್ಲಲಿಲ್ಲ. ಅಲ್ಲಿಯವರೆಗೆ ಸೀಸನ್ ಶುರುವಿನ ಕೆಟ್ಟ ದಾಖಲೆ ಅಂದ್ರೆ ಸತತ 13 ಸೋಲು. 1904ರಲ್ಲಿ ವಾಷಿಂಗ್ಟನ್, 1920ರಲ್ಲಿ ಡೆಟ್ರಾಯಿಟ್ ಅಷ್ಟು ಸೋತಿದ್ದವು. ಓರಿಯೋಲ್ಸ್ ಅದನ್ನೂ ದಾಟಿ ಮುಂದೆ ಹೋಯ್ತು.

ಬಾಬ್ ರಿವರ್ಸ್ ಅಂತ ಊರಿನ ಒಬ್ಬ ರೇಡಿಯೋ ಜಾಕಿ ಆಗ ಒಂದು ಶಪಥ ಮಾಡಿದ. ತಂಡ ಗೆಲ್ಲೋವರೆಗೂ ನಾನು ಮೈಕ್ ಬಿಟ್ಟು ಏಳಲ್ಲ ಅಂತ. ಎರಡು ದಿನದಲ್ಲಿ ಮುಗಿಯಬಹುದಾಗಿದ್ದ ತಮಾಷೆ 258 ಗಂಟೆ ನಡೀತು. ಹಾಡು ಹಾಕಿ, ಅದು ಮುಗಿಯೋವರೆಗೆ ಕಣ್ಣು ಮುಚ್ಚಿ, ಮತ್ತೆ ಎದ್ದು ಮಾತಾಡೋದು. ಜನ ನಕ್ಕರು, ಆದರೆ ರೇಡಿಯೋ ಆಫ್ ಮಾಡಲಿಲ್ಲ. ಜೊತೆಗೆ ಒದ್ದಾಡೋನು ಒಬ್ಬ ಇದ್ದಾನೆ ಅನ್ನೋದೇ ಒಂದು ಸಮಾಧಾನ ಅಲ್ವಾ?

ಈ ಕಡೆ ಇಡೀ ಲೀಗ್‌ನಲ್ಲಿ ಇನ್ನೊಂದು ಕಿರಿಕಿರಿ ಶುರುವಾಗಿತ್ತು. ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯೋನು ಪಿಚರ್. ಬೇಸ್ ಮೇಲೆ ಎದುರಾಳಿ ರನ್ನರ್ ಇದ್ದಾಗ, ಪಿಚರ್ ಎಸೆಯೋಕೆ ಮುಂಚೆ ಒಂದು ಕ್ಷಣ ನಿಲ್ಲಲೇಬೇಕು. ನಿಲ್ಲದೆ ಎಸೆದರೆ ರನ್ನರ್‌ಗೆ ಮೋಸ ಮಾಡಿದ ಹಾಗೆ. ಅದಕ್ಕೆ ಬಾಕ್ ಅಂತಾರೆ, ಶಿಕ್ಷೆಯಾಗಿ ರನ್ನರ್‌ಗಳು ಒಂದೊಂದು ಬೇಸ್ ಮುಂದೆ ಹೋಗ್ತಾರೆ. 1988ಕ್ಕೆ ಸರಿಯಾಗಿ ನಿಯಮದ ಪದ ಬದಲಾಯಿಸಿದರು. ಬರೀ ಪೂರ್ತಿ ನಿಂತರೆ ಸಾಲದು, ನಿಂತಿದ್ದು ಸ್ಪಷ್ಟವಾಗಿ ಗೊತ್ತಾಗಬೇಕು ಅಂತ. ಪುಸ್ತಕದಲ್ಲಿ ಇಷ್ಟೇ ಬದಲಾವಣೆ. ಮೈದಾನದಲ್ಲಿ ಅಂಪೈರ್‌ಗಳು ಅದನ್ನ ಅಕ್ಷರಶಃ ಪಾಲಿಸಿದರು. 1987ರ ಇಡೀ ಸೀಸನ್‌ನಲ್ಲಿ 356 ಬಾಕ್ ಇದ್ದದ್ದು 1988ರಲ್ಲಿ 924 ಆಯ್ತು. ಓಕ್ಲೆಂಡ್‌ನ ಡೇವ್ ಸ್ಟೂವರ್ಟ್ ಒಬ್ಬರ ಮೇಲೇ 16. ಹತ್ತಾರು ವರ್ಷ ಒಂದೇ ರೀತಿ ಎಸೆದವನಿಗೆ, ‘ನಿನ್ನೆವರೆಗೆ ಸರಿ ಇದ್ದದ್ದು ಇವತ್ತು ತಪ್ಪು’ ಅಂದ ಹಾಗಾಯ್ತು. ಪಂದ್ಯ ನೋಡೋಕೆ ಬಂದವರಿಗೆ ಬಾಕ್ ಆಗಿದ್ದು ಕಾಣಲೇ ಇಲ್ಲ, ಅಂಪೈರ್ ಕೈ ತೋರಿಸಿದ್ದು ಮಾತ್ರ ಕಾಣ್ತಿತ್ತು. ಸಿಟ್ಟು ಅಲ್ಲಿಂದಲೇ ಕೂಡ್ತಾ ಬಂತು.

ಈಗ ಆ ತಿಂಗಳ ಕೊನೆಗೆ ಬರೋಣ. ಏಪ್ರಿಲ್ 29, ಷಿಕಾಗೋ. ಸತತ 21 ಸೋಲಿನ ನಂತರ ಓರಿಯೋಲ್ಸ್ 9-0 ಗೆದ್ದಿತು. ಬಾಬ್ ರಿವರ್ಸ್ ಮಲಗೋಕೆ ಹೋದ.

ಮರುದಿನ, ಏಪ್ರಿಲ್ 30, ಸಿನ್ಸಿನಾಟಿ. ತವರಿನ ತಂಡ ರೆಡ್ಸ್, ಎದುರಾಳಿ ನ್ಯೂಯಾರ್ಕ್ ಮೆಟ್ಸ್. ರೆಡ್ಸ್ ಮ್ಯಾನೇಜರ್ ಪೀಟ್ ರೋಸ್. ಅದೇ ಊರಲ್ಲಿ ಹುಟ್ಟಿದವರು, ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ಹಿಟ್ ಹೊಡೆದವರು. ಒಂಬತ್ತನೇ ಇನ್ನಿಂಗ್ಸ್, ಅಂದ್ರೆ ಕಡೇ ಇನ್ನಿಂಗ್ಸ್, 5-5 ಸಮ. ಮೆಟ್ಸ್ ಬ್ಯಾಟರ್ ಹೊಡೆದ ಚೆಂಡನ್ನ ರೆಡ್ಸ್‌ನವರು ಹಿಡಿದು ಮೊದಲನೇ ಬೇಸ್‌ಗೆ ಎಸೆದರು. ಅಲ್ಲಿದ್ದ ಅಂಪೈರ್ ಡೇವ್ ಪಲೋನ್ ಒಂದು ಗಳಿಗೆ ತಡೆದು ‘ಸೇಫ್’ ಅಂದರು. ಆ ತಡ, ಆ ಗೊಂದಲದಲ್ಲೇ ಎರಡನೇ ಬೇಸ್‌ನಲ್ಲಿದ್ದ ಹೋವರ್ಡ್ ಜಾನ್ಸನ್ ಓಡಿ ರನ್ ತಂದುಬಿಟ್ಟ. 6-5. ರೋಸ್ ನುಗ್ಗಿ ಬಂದರು. ವಾದ ಜೋರಾಯ್ತು. ಪಲೋನ್ ಬೆರಳು ತನ್ನ ಕೆನ್ನೆಗೆ ತಾಗಿತು ಅಂತ ರೋಸ್ ಹೇಳಿದರು, ಅಂಪೈರ್‌ನ ತಳ್ಳಿಯೇ ಬಿಟ್ಟರು. ಪ್ರೇಕ್ಷಕರು ಕೈಗೆ ಸಿಕ್ಕಿದ್ದನ್ನೆಲ್ಲ ಮೈದಾನಕ್ಕೆ ಎಸೆಯೋಕೆ ಶುರುಮಾಡಿದರು. ಪಂದ್ಯ ನಿಂತಿತು. ಕೊನೆಗೆ ಪಲೋನ್ ಮೈದಾನ ಬಿಟ್ಟು ಹೋಗಬೇಕಾಯ್ತು, ಉಳಿದ ಮೂವರು ಅಂಪೈರ್‌ಗಳು ಆಟ ಮುಗಿಸಿದರು.

ಲೀಗ್ ಅಧ್ಯಕ್ಷ ಬಾರ್ಟ್ ಜಿಯಾಮಾಟಿ ರೋಸ್‌ಗೆ 30 ದಿನದ ನಿಷೇಧ, 10,000 ಡಾಲರ್ ದಂಡ ಹಾಕಿದರು. ಅಷ್ಟೇ ಅಲ್ಲ, ರೆಡ್ಸ್‌ನ ರೇಡಿಯೋ ಕಾಮೆಂಟೇಟರ್‌ಗಳಾದ ಮಾರ್ಟಿ ಬ್ರೆನಮನ್ ಮತ್ತು ಜೋ ನಕ್ಸ್‌ಹಾಲ್ ಇಬ್ಬರನ್ನೂ ಕರೆಸಿದರು. ನಿಮ್ಮ ಮಾತು ಜನರನ್ನ ಕೆರಳಿಸಿತು ಅನ್ನೋ ದೂರು. ಮೈಕ್ ಮುಂದೆ ಕೂತು ಮಾತಾಡೋ ನನಗೆ ಈ ಭಾಗ ಬೇಗ ಮರೆಯೋಕಾಗಲ್ಲ. ಒಂದು ಊರಲ್ಲಿ ಮೈಕ್ ಜನರ ಜೊತೆ ನಿದ್ದೆಗೆಟ್ಟಿತ್ತು, ಇನ್ನೊಂದು ಊರಲ್ಲಿ ಅದೇ ಮೈಕ್ ಮೇಲೆ ಬೆಂಕಿಗೆ ತುಪ್ಪ ಸುರಿದ ಆರೋಪ.

ಇನ್ನು ಎರಡು ದಿನ ಮುಂದೆ. ಮೇ 2, ಬಾಲ್ಟಿಮೋರ್. ಗೆದ್ದ ಮೇಲೆ ಮತ್ತೆರಡು ಸೋತು, 1 ಗೆಲುವು 23 ಸೋಲಿನ ಲೆಕ್ಕ ಹೊತ್ತು ತಂಡ ಮನೆಗೆ ಬಂತು. ಕಲ್ಲು ಬೀಳಬೇಕಿತ್ತು ಅಂತ ನೀವು ಅಂದುಕೊಳ್ಳಬಹುದು. ಕ್ರೀಡಾಂಗಣಕ್ಕೆ ಬಂದವರು 50,402 ಜನ. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ರಾತ್ರಿ ತಂಡ ಟೆಕ್ಸಸ್ ಎದುರು 9-4 ಗೆದ್ದಿತು. ಅದೇ ರಾತ್ರಿ ರಾಜ್ಯದ ಗವರ್ನರ್ ವಿಲಿಯಂ ಶೇಫರ್, ಓರಿಯೋಲ್ಸ್ ಹೊಸ ಕ್ರೀಡಾಂಗಣಕ್ಕೆ ದೀರ್ಘಾವಧಿ ಒಪ್ಪಂದ ಮಾಡಿಕೊಂಡಿದೆ ಅಂತ ಪ್ರಕಟಿಸಿದರು. ತಂಡ ಊರು ಬಿಡಲ್ಲ! 1992ರ ಏಪ್ರಿಲ್‌ನಲ್ಲಿ ಬಾಗಿಲು ತೆರೆದ ಕ್ಯಾಮ್ಡನ್ ಯಾರ್ಡ್ಸ್ ಅನ್ನೋ ಹೆಸರಾಂತ ಮೈದಾನ ಅದೇ.

ಈ ಎರಡು ಊರನ್ನ ಪಕ್ಕಪಕ್ಕ ಇಟ್ಟು ನೋಡಿ. 21 ಸಲ ಸೋತವರು ಚಪ್ಪಾಳೆ ತಟ್ಟಿದರು. ಒಂದೇ ಸಲ ಸೋತವರು ವಸ್ತು ತೂರಿದರು. ಬಾಲ್ಟಿಮೋರ್ ಜನ ಒಳ್ಳೆಯವರು, ಸಿನ್ಸಿನಾಟಿ ಜನ ಕೆಟ್ಟವರು ಅಂತಲ್ಲ. ಬಾಲ್ಟಿಮೋರ್‌ನ ಸೋಲು ಅವರದ್ದೇ ಆಗಿತ್ತು, ಯಾರೂ ತಂದು ಹೇರಿದ್ದಲ್ಲ. ಹಾಗಾಗಿ ಅದನ್ನ ನುಂಗೋಕಾಯ್ತು, ನಗೋಕೂ ಆಯ್ತು. ಸಿನ್ಸಿನಾಟಿಯವರಿಗೆ ತಮ್ಮ ಕೈಲಿದ್ದ ಪಂದ್ಯವನ್ನ ಯಾರೋ ಕಿತ್ತುಕೊಂಡ ಹಾಗೆ ಅನ್ನಿಸಿತು. ಸೋಲನ್ನ ಅಭಿಮಾನಿ ಕ್ಷಮಿಸ್ತಾನೆ, ಅನ್ಯಾಯ ಅನ್ನಿಸಿದ್ದನ್ನ ಕ್ಷಮಿಸಲ್ಲ.

ಆದರೆ ಲೆಕ್ಕ ಏನು ಹೇಳುತ್ತೆ? ಆ ವರ್ಷ ರೆಡ್ಸ್ ತಮ್ಮ ಗುಂಪಲ್ಲಿ ಎರಡನೇ ಸ್ಥಾನಕ್ಕೆ ಬಂತು, ಮೊದಲನೇ ಸ್ಥಾನದ ಲಾಸ್ ಏಂಜಲೀಸ್‌ಗಿಂತ 7 ಪಂದ್ಯ ಹಿಂದೆ. ಪಲೋನ್ ಬೇಗ ‘ಔಟ್’ ಅಂದಿದ್ದರೂ ಸ್ಥಾನ ಬದಲಾಗ್ತಿರಲಿಲ್ಲ. ಆದರೆ ಪಲೋನ್ ಅವರ ಬದುಕು ಬದಲಾಯ್ತು. 1979ರಲ್ಲಿ ಅಂಪೈರ್‌ಗಳ ಮುಷ್ಕರದ ಹೊತ್ತಲ್ಲಿ ಕೆಲಸಕ್ಕೆ ಸೇರಿದವರು ಅನ್ನೋ ಕಾರಣಕ್ಕೆ ಸಹೋದ್ಯೋಗಿಗಳಲ್ಲೇ ಹಲವರು ಅವರನ್ನ ದೂರ ಇಟ್ಟಿದ್ದರು. 1988ರ ಸೀಸನ್ನೇ ಅವರ ಕಡೇ ಸೀಸನ್.

ಓರಿಯೋಲ್ಸ್ ಆ ವರ್ಷ 54 ಗೆದ್ದು 107 ಸೋತು ಮುಗಿಸಿತು. 1989ರಲ್ಲಿ ಬಾಕ್ ನಿಯಮವನ್ನ ಹಳೇ ಪದಕ್ಕೇ ವಾಪಸ್ ತಂದರು. ಬಾಲ್ಟಿಮೋರ್ ಜನ ‘ಯಾಕಾಗಬಾರದು?’ ಅನ್ನೋ ಘೋಷಣೆ ಹಿಡಿದು ಹೊಸ ಏಪ್ರಿಲ್ ಶುರುಮಾಡಿದರು. ತಂಡ 87 ಪಂದ್ಯ ಗೆದ್ದು, ಕಡೇ ವಾರಾಂತ್ಯದಲ್ಲಿ ಟೊರೊಂಟೊಗೆ ಸೋತು ಎರಡನೆಯದಾಯ್ತು. ಆ ಜುಲೈನಲ್ಲಿ ಮೈಕ್ ಡೆವರೋ ಕಡೇ ಗಳಿಗೆಯಲ್ಲಿ ಹೊಡೆದ ಹೋಮ್ ರನ್ ಒಂದು ಪಂದ್ಯ ಗೆಲ್ಲಿಸಿತು. ಚೆಂಡು ಗೆರೆಯ ಆಚೆ ಹೋಯ್ತು ಅಂತ ಎದುರಾಳಿ ಕ್ಯಾಲಿಫೋರ್ನಿಯಾ ತಂಡ ಕೂಗಾಡಿತು. ಅಂಪೈರ್ ಒಪ್ಪಲಿಲ್ಲ. ಬಾಲ್ಟಿಮೋರ್‌ನಲ್ಲಿ ಆ ರಾತ್ರಿ ಅಂಪೈರ್‌ನ ಯಾರೂ ಬೈಯಲಿಲ್ಲ. ತೀರ್ಪು ನಮ್ಮ ಕಡೆ ಬಂದರೆ ಅದೃಷ್ಟ, ಆ ಕಡೆ ಹೋದರೆ ಮೋಸ. ನಮ್ಮ ನ್ಯಾಯದ ತಕ್ಕಡಿ ಇಷ್ಟೇ.

ಈಗ ಯಂತ್ರ ಬಂದಿದೆ. ಹೋಮ್ ರನ್ ಸರಿಯೋ ತಪ್ಪೋ ಅಂತ ವಿಡಿಯೋ ನೋಡೋದು 2008ರಿಂದ, ಬೇಸ್‌ನಲ್ಲಿ ಸೇಫ್ ಅಥವಾ ಔಟ್ ನೋಡೋದು 2014ರಿಂದ. 2026ಕ್ಕೆ ಪಿಚರ್ ಎಸೆದ ಚೆಂಡಿನ ತೀರ್ಪನ್ನೂ ಆಟಗಾರರು ಪ್ರಶ್ನಿಸಬಹುದು ಅಂತ ಲೀಗ್ ನಿರ್ಧರಿಸಿತು. ತಂಡಕ್ಕೆ ಎರಡು ಅವಕಾಶ, ಪ್ರಶ್ನೆ ಸರಿಯಾಗಿದ್ದರೆ ಅದು ಖರ್ಚಾಗಲ್ಲ. ಇದು ಬೇಕಾಗಿತ್ತು ಅಂತಲೇ ನನ್ನ ಅಭಿಪ್ರಾಯ. ಇದರಿಂದ ಆಟಗಾರನಿಗೆ ನ್ಯಾಯ ಸಿಗುತ್ತೆ, ಒಬ್ಬ ಮನುಷ್ಯನ ಮೇಲೆ ಇಡೀ ಊರಿನ ಸಿಟ್ಟು ಬೀಳೋದೂ ತಪ್ಪುತ್ತೆ.

ಆದರೆ ತಂಡ 21 ಸಲ ಸೋತಾಗ ಏನು ಮಾಡಬೇಕು ಅನ್ನೋದಕ್ಕೆ ಯಂತ್ರದ ಹತ್ತಿರ ಉತ್ತರ ಇಲ್ಲ. ಅದಕ್ಕೆ ಆ 50,402 ಜನ ಟಿಕೆಟ್ ತಗೊಂಡು ಬಂದು ಉತ್ತರ ಕೊಟ್ಟರು.