ಚೇಳೋ, ವಿಂಚೂವೋ?

ನಿಪ್ಪಾಣಿ ಯಾರದು ಅಂತ ಕೇಳಿದರೆ ಕಾಗದಪತ್ರಗಳು ಬಹಳ ಮಾತಾಡ್ತವೆ. ಮುಂಬೈ ರಾಜ್ಯದಲ್ಲಿದ್ದ ಊರು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1967ರ ಮಹಾಜನ ವರದಿ ಅದನ್ನು ಮಹಾರಾಷ್ಟ್ರಕ್ಕೆ ಕೊಡಿ ಅಂದಿತು. ಆದರೆ ಆ ವರದಿಯನ್ನು ಮಹಾರಾಷ್ಟ್ರವೇ ಒಪ್ಪಲಿಲ್ಲ, ಊರು ಇದ್ದಲ್ಲೇ ಉಳೀತು. ಈ ಜಗಳದಲ್ಲಿ ಸಾಕ್ಷಿ ಹೇಳಲು ಯಾರೂ ಕರೆಯದ ಕೆಲವರಿದ್ದಾರೆ: ಗೋಡೆ ಸಂದಿನ ಚೇಳು, ತಲೆಯ ಹೇನು, ಮೂಲೆಯ ಜೇಡ.

ಮೊದಲು ಚೇಳು. ಎಂಟು ಕಾಲು, ಮುಂದೆ ಎರಡು ಇಕ್ಕಳ, ಗಂಟುಗಂಟಾದ ಬಾಲ, ತುದಿಗೆ ಕೊಂಡಿ. ಹಳಗನ್ನಡದಲ್ಲಿ ಇದಕ್ಕೆ ತೇಳ್ ಅಂತಲೂ ಹೆಸರಿತ್ತು. ತಮಿಳಿನಲ್ಲಿ ಇವತ್ತಿಗೂ ತೇಳ್, ತೆಲುಗಿನಲ್ಲಿ ತೇಲು. ಪಕ್ಕದ ಮನೆಯ ಮರಾಠಿ ಅಜ್ಜಿ ಅದನ್ನೇ ವಿಂಚೂ ಅಂತಾಳೆ. ಅದು ಸಂಸ್ಕೃತದ ವೃಶ್ಚಿಕ ಸವೆದು ಆದ ಮಾತು. ಹುಳ ಒಂದೇ, ಕಡಿದರೆ ಉರಿಯೂ ಒಂದೇ, ಹೆಸರಿನ ಮನೆತನ ಮಾತ್ರ ಬೇರೆ.

ಹೇನಿಗೆ ಆರು ಕಾಲು, ರೆಕ್ಕೆ ಇಲ್ಲ, ಕೂದಲು ಹಿಡಿಯಲು ಕೊಕ್ಕೆಯಂಥ ಉಗುರು. ಹಿಂದೆ ಅದು ಪೇನ್. ಪಾಲು ಹಾಲಾದಂತೆ, ಪತ್ತು ಹತ್ತಾದಂತೆ, ಪೇನ್ ಹೇನಾಯಿತು. ಅಂದರೆ ತಲೆಯಿಂದ ಹೆಕ್ಕಿ ತೆಗೆಯೋ ಈ ಹುಳದಲ್ಲಿ ಕನ್ನಡ ಹೊರಳಿದ ಗುರುತು ಕೂತಿದೆ. ಮರಾಠಿಯಲ್ಲಿ ಅದಕ್ಕೆ ಬರೀ 'ಊ', ಸಂಸ್ಕೃತದ ಯೂಕಾದಿಂದ ಉಳಿದದ್ದು ಅಷ್ಟೇ.

ಜೇಡದ್ದು ತಮಾಷೆ. ಮರಾಠಿಯಲ್ಲಿ ಅದು ಕೋಳಿ! ಮೀನುಗಾರ ಸಮುದಾಯಕ್ಕೂ ಅದೇ ಹೆಸರು. ಇಬ್ಬರದೂ ಬಲೆ ಕೆಲಸ ನೋಡ್ರಿ. ಮೂಲೆಯಲ್ಲಿ ಕೋಳಿ ಅಂದರೆ ಕನ್ನಡದ ಹುಡುಗ ಪುಕ್ಕ ಹುಡುಕ್ತಾನೆ, ಮರಾಠಿ ಹುಡುಗ ಎಂಟು ಕಾಲು ಹುಡುಕ್ತಾನೆ.

ಇವನ್ನೆಲ್ಲ ನಾವು ಹುಳ ಅಂತ ಒಂದೇ ಬುಟ್ಟಿಗೆ ಹಾಕ್ತೀವಿ. ಓದಿದವರು ನಗ್ತಾರೆ: ಆರು ಕಾಲಿದ್ದರೆ ಮಾತ್ರ ಕೀಟ, ಚೇಳು ಜೇಡ ಬೇರೆ ವರ್ಗ ಅಂತ. ಆದರೆ 1758ರಲ್ಲಿ ಲಿನೇಯಸ್ ಕೂಡ ಚೇಳು, ಜೇಡ, ಏಡಿ ಎಲ್ಲವನ್ನೂ ಕೀಟಗಳ ಗುಂಪಿಗೇ ಸೇರಿಸಿದ್ದ. ಚೇಳು, ಜೇಡಗಳನ್ನು ಲಾಮಾರ್ಕ್ ಬೇರೆ ಮಾಡಿದ್ದು 1801ರ ಹೊತ್ತಿಗೆ. ಇನ್ನು ಪುಸ್ತಕದ ಶತಪದಿಗೆ ಸರಿಯಾಗಿ ನೂರು ಕಾಲು ಇರೋದೇ ಇಲ್ಲ; ಬೆಳೆದ ಹುಳದಲ್ಲಿ ಕಾಲಿನ ಜೋಡಿಗಳು ಯಾವಾಗಲೂ ಬೆಸ. ಸಾವಿರ ದಾಟಿದ ಸಹಸ್ರಪದಿ ಸಿಕ್ಕ ಸುದ್ದಿ ಬಂದದ್ದು 2021ರಲ್ಲಿ, ಆಸ್ಟ್ರೇಲಿಯಾದಿಂದ, 1,306 ಕಾಲಿನದು. ಜರಿ, ಗೋಮ ಅನ್ನೋ ಊರ ಹೆಸರುಗಳು ಲೆಕ್ಕದ ತಂಟೆಗೇ ಹೋಗಿಲ್ಲ.

ಹಾಗಾದರೆ ಹುಳಗಳ ಸಾಕ್ಷಿ ಯಾರ ಕಡೆ? ಇರುವಿ ಮತ್ತು ಮುಂಗಿ, ತಗಣಿ ಮತ್ತು ಢೇಕೂಣ, ಎರಡೂ ಒಂದೇ ಓಣಿಯಲ್ಲಿ ಬಾಳಿದ ಮಾತುಗಳು. ದ್ರಾವಿಡ ನುಡಿಯೂ ಸಂಸ್ಕೃತದ ಕಡೆಯ ನುಡಿಯೂ ಇಲ್ಲಿ ಶತಮಾನಗಟ್ಟಲೆ ನೆರೆಹೊರೆ. ಯಾವ ಆಯೋಗವೂ ಆ ಓಣಿಯ ನಡುವೆ ಗೆರೆ ಎಳೆಯಲಾರದು.

ಚಿಂತೆ ಇರೋದು ಬೇರೆ ಕಡೆ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಕನ್ನಡದ್ದಾಗಲಿ ಮರಾಠಿಯದ್ದಾಗಲಿ ಹೆಸರು ಬೇಡ. ಎಲ್ಲವೂ 'ಬಗ್', ಆಮೇಲೆ ಪೆಸ್ಟ್ ಕಂಟ್ರೋಲ್‌ನವರಿಗೆ ಫೋನ್. ಈ ಸಲ ಊರಿಗೆ ಫೋನ್ ಮಾಡಿದಾಗ ಅವ್ವನ್ನ ಕೇಳಿ ಹತ್ತು ಹುಳದ ಹೆಸರು ಬರೆದಿಟ್ಟುಕೊಳ್ರಿ. ನೆರೆಮನೆಯವರು ಏನಂತಾರೆ ಅನ್ನೋದನ್ನೂ ಪಕ್ಕದಲ್ಲೇ ಬರೀರಿ.